ಕಮಿಟ್ ಆಗದ ಕೋಡನ್ನು ಫೋಲ್ಡರ್ ಹೋಲಿಸಿ ತೆಗೆದಿಡುವುದು ಹೇಗೆ?

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಗೆ ಹುಬ್ಬಳ್ಳಿಯ ಸಣ್ಣ ಕಂಪನಿಯೊಂದು ಪಿಎಚ್‌ಪಿಯಲ್ಲಿ ಲೆಕ್ಕದ ತಂತ್ರಾಂಶ ಮಾಡಿಕೊಟ್ಟಿದೆ ಎಂದಿಟ್ಟುಕೊಳ್ಳಿ. ಜನವರಿಯಿಂದ ಮಾರ್ಚ್‌ವರೆಗೆ ಆವಕ ಜೋರಾಗಿರುತ್ತದೆ. ಆ ದಿನಗಳಲ್ಲಿ ಹಮಾಲಿ ದರ ಬದಲಾದರೆ, ರೈತರಿಗೆ ಕೊಡುವ ಲೆಕ್ಕಪಟ್ಟಿಯಲ್ಲಿ ಒಂದು ಸಾಲು ಹೆಚ್ಚಾಗಬೇಕಾದರೆ, ಕಂಪನಿಯ ಹುಡುಗ ರೈಲು ಹತ್ತಿ ಹೋಗಿ ಅಂಗಡಿಯ ಕಂಪ್ಯೂಟರಿನ ಮುಂದೆಯೇ ಕುಳಿತು ಕೋಡ್ ತಿದ್ದುತ್ತಾನೆ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶ ಅಲ್ಲಿ ಇಲ್ಲ, ಹಾಗಾಗಿ ತಿದ್ದಿದ್ದನ್ನು ಕಮಿಟ್ ಮಾಡಲು, ಅಂದರೆ ಆ ದಾಖಲೆಗೆ ಸೇರಿಸಲು, ಆಗುವುದಿಲ್ಲ. ಸುತ್ತ ಚೀಲಗಳ ಸಾಲು, ಎದುರಿಗೆ ಪಟ್ಟಿಗಾಗಿ ಕಾಯುತ್ತಿರುವ ಜನ. ತಿದ್ದುಪಡಿ ಮುಗಿದ ಮೇಲೆ ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ತುಂಬಿಕೊಂಡು ಮರಳುತ್ತಾನೆ. ಅವನ ಬಳಿ ಈಗ ಸಾವಿರಾರು ಫೈಲ್‌ಗಳಿವೆ. ಅವನು ನಿಜವಾಗಿ ತಿದ್ದಿದ್ದು ಏಳೋ ಎಂಟೋ.

ಆ ಏಳೆಂಟು ಫೈಲ್‌ಗಳನ್ನು ಒಂದನ್ನೂ ಬಿಡದೆ ಹುಡುಕಿ ತೆಗೆದಿಡುವುದು, ಆಮೇಲೆ ಸಹೋದ್ಯೋಗಿಗಳ ಕೆಲಸ ಅಳಿಸಿಹೋಗದಂತೆ ಮುಖ್ಯ ಕೋಡಿಗೆ ಸೇರಿಸುವುದು: ಈ ಎರಡು ಕೆಲಸಗಳ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಫೋಲ್ಡರ್ ಹೋಲಿಕೆಯ ತಂತ್ರಾಂಶ ಇದ್ದರೆ ಎರಡೂ ಸುಲಭ. ಆದರೆ ಯಾವುದರ ಜೊತೆ ಹೋಲಿಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದನ್ನು ತಪ್ಪಿದರೆ ಎಷ್ಟು ಒಳ್ಳೆಯ ತಂತ್ರಾಂಶವಿದ್ದರೂ ನಷ್ಟವೇ.

ಕಮಾಂಡ್‌ಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ.

ಯಾವಾಗ ಬೇಕು, ಯಾವಾಗ ಬೇಡ

ನಿಮ್ಮ ಗಿಟ್ ಸರಿಯಾಗಿದ್ದು, ಇಂಟರ್‌ನೆಟ್ ಇದ್ದು, ತಿದ್ದಿದ್ದೆಲ್ಲ ಗಿಟ್ ಗಮನಿಸುವ ಫೈಲ್‌ಗಳಲ್ಲೇ ಇದ್ದರೆ ಇಷ್ಟೆಲ್ಲ ಬೇಕಿಲ್ಲ. ಹೊಸ ಬ್ರಾಂಚ್ (ಕೋಡಿನ ಪ್ರತ್ಯೇಕ ಕವಲು) ತೆರೆದು, ಅರ್ಧ ಕೆಲಸವಾದರೂ ಸರಿ, ಕಮಿಟ್ ಮಾಡಿ ಪುಶ್ ಮಾಡಿ, ಅಂದರೆ ಸರ್ವರಿಗೆ ಕಳುಹಿಸಿ. ಅದಕ್ಕಿಂತ ಭದ್ರವಾದ ದಾರಿ ಇಲ್ಲ.

ಕಮಿಟ್ ಮಾಡದೆ ತಿದ್ದುಪಡಿಗಳನ್ನು ಪಕ್ಕಕ್ಕಿಡುವ ಗಿಟ್ ಸ್ಟ್ಯಾಶ್ ಮಾತ್ರ ಅಷ್ಟು ಭದ್ರವಲ್ಲ. ಹಾಗೆಯೇ ಕೊಟ್ಟರೆ ಅದು ಹೊಸದಾಗಿ ಸೃಷ್ಟಿಸಿದ, ಇನ್ನೂ ಗಿಟ್‌ಗೆ ಸೇರಿಸದ ಫೈಲ್‌ಗಳನ್ನು ಮುಟ್ಟುವುದಿಲ್ಲ. ‘ಯು’ ಆಯ್ಕೆ ಕೊಟ್ಟರೆ ಅವು ಸೇರುತ್ತವೆ, ಆದರೆ ಗಿಟ್‌ಇಗ್ನೋರ್ ಪಟ್ಟಿಯಲ್ಲಿರುವ (ಗಿಟ್ ಗಮನಿಸಬಾರದೆಂದು ನಾವೇ ಗುರುತಿಸಿದ) ಫೈಲ್‌ಗಳು ಆಗಲೂ ಹೊರಗುಳಿಯುತ್ತವೆ. ಅವಕ್ಕೆ ‘ಆಲ್’ ಆಯ್ಕೆ ಬೇಕು. ಜೊತೆಗೆ ಸ್ಟ್ಯಾಶ್ ಇರುವುದು ಅದೇ ಕಂಪ್ಯೂಟರಿನ ಗಿಟ್ ಫೋಲ್ಡರಿನೊಳಗೆ. ಪುಶ್ ಮಾಡಿದಾಗ ಅದು ಸರ್ವರಿಗೆ ಹೋಗುವುದಿಲ್ಲ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆದರೆ ಸ್ಟ್ಯಾಶ್ ಕೂಡ ಹೋಯಿತು.

ಹೋಲಿಕೆಯ ದಾರಿ ಬೇಕಾಗುವುದು ಬೇರೆ ಸಂದರ್ಭಗಳಲ್ಲಿ. ಗ್ರಾಹಕರ ಕಂಪ್ಯೂಟರಿನಲ್ಲಿ ತಿದ್ದಿದ ಕೋಡನ್ನು ಮರಳಿ ತರುವಾಗ ಬೇಕು. ವಿದ್ಯಾನಗರದ ಕಾಲೇಜಿನ ಅಂತಿಮ ವರ್ಷದ ತಂಡದಲ್ಲಿ ಒಬ್ಬರು ಜಿಪ್ ಮಾಡಿ ಕಳುಹಿಸಿದ ಪ್ರಾಜೆಕ್ಟಿನಲ್ಲಿ ಏನು ಬದಲಾಗಿದೆ ಎಂದು ತಿಳಿಯಬೇಕಾದಾಗ ಬೇಕು. ಗಿಟ್ ಫೋಲ್ಡರೇ ಕೆಟ್ಟಾಗಲಂತೂ ಬೇಕೇ ಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ನಮ್ಮ ಕಡೆ ಕರೆಂಟ್ ಹೋಗುವುದು ಹೊಸದಲ್ಲ. ಗಿಟ್ ಏನಾದರೂ ಬರೆಯುತ್ತಿರುವಾಗಲೇ ಡೆಸ್ಕ್‌ಟಾಪ್ ಆರಿಹೋದರೆ ಅದರ ಆಬ್ಜೆಕ್ಟ್ ಫೈಲ್‌ಗಳು ಖಾಲಿಯಾಗಿ ಉಳಿಯಬಹುದು. ಆಮೇಲೆ ಯಾವ ಗಿಟ್ ಕಮಾಂಡ್ ಕೊಟ್ಟರೂ ದೋಷವೇ ಬರುತ್ತದೆ. ಹೆದರಬೇಡಿ. ನೀವು ಬರೆದ ಕೋಡ್ ಪಕ್ಕದಲ್ಲೇ ಸಾಮಾನ್ಯ ಫೈಲ್‌ಗಳಾಗಿ ಇರುತ್ತದೆ. ಸರ್ವರಿನಿಂದ ಬೇರೊಂದು ಫೋಲ್ಡರಿಗೆ ಹೊಸದಾಗಿ ಕ್ಲೋನ್ (ಪೂರ್ಣ ನಕಲು) ಮಾಡಿ, ಅದನ್ನು ನೀವು ಕೆಲಸ ಶುರು ಮಾಡಿದಾಗಿನ ಕಮಿಟ್‌ಗೆ ತಂದು, ಎರಡನ್ನೂ ಹೋಲಿಸಿದರೆ ಕೆಲಸ ಕೈಗೆ ಸಿಗುತ್ತದೆ.

ಇಡೀ ಫೋಲ್ಡರನ್ನು ‘ಹೊಸದು’, ‘ಹೊಸದು 2’, ‘ಕೊನೆಯದು’ ಎಂದು ಹೆಸರಿಟ್ಟು ನಕಲು ಮಾಡುತ್ತ ಹೋಗುವ ಅಭ್ಯಾಸ ಬಹಳ ಜನರಲ್ಲಿದೆ. ತಕ್ಷಣದ ರಕ್ಷಣೆಗೆ ಅದು ಸರಿ, ಬೇಡ ಎನ್ನುವುದಿಲ್ಲ. ಆದರೆ ಆರು ತಿಂಗಳ ನಂತರ ಆ ಮೂರು ಫೋಲ್ಡರ್‌ಗಳಲ್ಲಿ ಯಾವುದರಲ್ಲಿ ಏನಿದೆ ಎಂದು ಹೇಳಬಲ್ಲವರು ಯಾರೂ ಇರುವುದಿಲ್ಲ.

ತಂತ್ರಾಂಶ

ವಿಂಡೋಸ್‌ನಲ್ಲಿ ವಿನ್‌ಮರ್ಜ್ ಸಾಕು. ಉಚಿತ, ಮುಕ್ತ ತಂತ್ರಾಂಶ. ಲಿನಕ್ಸ್‌ನಲ್ಲಿ ಮೆಲ್ಡ್ ಬಳಸಿ. ಬಿಯಾಂಡ್ ಕಂಪೇರ್ ಹಣ ಕೊಟ್ಟು ಕೊಳ್ಳುವಂಥದ್ದು, 30 ದಿನ ಪ್ರಯೋಗಕ್ಕೆ ಸಿಗುತ್ತದೆ. ದಿನವೂ ಈ ಕೆಲಸ ಇರುವವರಿಗೆ ಅದರ ಬೆಲೆ ಸಾರ್ಥಕ. ಗ್ರಾಹಕರ ಯಂತ್ರದಲ್ಲಿ ಏನನ್ನೂ ಸ್ಥಾಪಿಸುವಂತಿಲ್ಲ ಎಂದಾದರೆ ವಿನ್‌ಮರ್ಜ್‌ನ ಪೋರ್ಟಬಲ್ ಆವೃತ್ತಿಯನ್ನು ಪೆನ್‌ಡ್ರೈವ್‌ನಲ್ಲೇ ಇಟ್ಟುಕೊಳ್ಳಿ. ಇವೆಲ್ಲಕ್ಕೂ ಹಿಂದಿನದು ಯುನಿಕ್ಸ್‌ನ ಡಿಫ್ ಕಮಾಂಡ್. ಗಿಟ್ ಹುಟ್ಟಿದ್ದು 2005ರಲ್ಲಿ, ಡಿಫ್ ಬಂದದ್ದು 1970ರ ದಶಕದಲ್ಲಿ. ಎರಡು ಪ್ರತಿಗಳ ವ್ಯತ್ಯಾಸವನ್ನಷ್ಟೇ ತೆಗೆದಿಡುವುದು ಹಳೆಯ, ಪಳಗಿದ ವಿದ್ಯೆ.

ಹೆಜ್ಜೆ 1: ಎಲ್ಲವನ್ನೂ ನಿಲ್ಲಿಸಿ

ಎಡಿಟರಿನಲ್ಲಿ ತೆರೆದಿರುವ ಎಲ್ಲ ಫೈಲ್‌ಗಳನ್ನು ಸೇವ್ ಮಾಡಿ. ಹೋಲಿಕೆಯ ತಂತ್ರಾಂಶ ಡಿಸ್ಕಿನಲ್ಲಿ ಇರುವುದನ್ನಷ್ಟೇ ಓದುತ್ತದೆ, ಎಡಿಟರಿನ ಪರದೆಯ ಮೇಲಿರುವುದನ್ನಲ್ಲ. ಓಡುತ್ತಿರುವ ಸರ್ವರ್ ನಿಲ್ಲಿಸಿ, ಇಲ್ಲವಾದರೆ ಲಾಗ್ ಫೈಲ್‌ಗಳು ಹೋಲಿಕೆಯ ನಡುವೆಯೇ ಬದಲಾಗುತ್ತಿರುತ್ತವೆ. ಗಿಟ್ ಪುಲ್ ಮಾಡಬೇಡಿ. ‘ಹಾರ್ಡ್’ ಆಯ್ಕೆಯ ರಿಸೆಟ್ ಮತ್ತು ಗಿಟ್ ಕ್ಲೀನ್ ಕಡೆಗೆ ಕೈ ಹೋಗಲೇಬಾರದು: ಮೊದಲನೆಯದು ಕಮಿಟ್ ಆಗದ ತಿದ್ದುಪಡಿಗಳನ್ನು ಅಳಿಸುತ್ತದೆ, ಎರಡನೆಯದು ಗಿಟ್‌ಗೆ ಸೇರದ ಹೊಸ ಫೈಲ್‌ಗಳನ್ನು. ರಿಫ್ಲಾಗ್ ನೋಡಿದರೂ ಅವು ಸಿಗುವುದಿಲ್ಲ, ಏಕೆಂದರೆ ರಿಫ್ಲಾಗ್‌ನಲ್ಲಿರುವುದು ಕಮಿಟ್ ಆದವುಗಳ ದಾಖಲೆ ಮಾತ್ರ.

ಹೆಜ್ಜೆ 2: ಸರಿಯಾದ ಮೂಲ ಪ್ರತಿ

ಹೋಲಿಸಬೇಕಾದದ್ದು ನೀವು ಕೆಲಸ ಶುರು ಮಾಡಿದಾಗ ಇದ್ದ ಪ್ರತಿಯೊಂದಿಗೆ. ಇಂದು ಸರ್ವರಿನಲ್ಲಿರುವ ಹೊಸ ಪ್ರತಿಯೊಂದಿಗೆ ಅಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ನೀವು ಬ್ಯಾಡಗಿಯಲ್ಲಿದ್ದಾಗ ಹುಬ್ಬಳ್ಳಿಯ ಸಹೋದ್ಯೋಗಿ ದಲಾಲಿ ಲೆಕ್ಕದ ಒಂದು ದೋಷ ಸರಿಪಡಿಸಿದ್ದಾರೆ ಎಂದುಕೊಳ್ಳಿ. ಇಂದಿನ ಪ್ರತಿಯೊಂದಿಗೆ ಹೋಲಿಸಿದರೆ ಅವರ ಆ ತಿದ್ದುಪಡಿ ನಿಮ್ಮ ಕಡೆ ಇಲ್ಲವೆಂದು ಕಾಣುತ್ತದೆ. ನೀವೇ ಅಳಿಸಿದ ಸಾಲು ಯಾವುದು, ಅವರು ಹೊಸದಾಗಿ ಸೇರಿಸಿದ ಸಾಲು ಯಾವುದು ಎಂದು ಪರದೆಯ ಮೇಲೆ ಬೇರ್ಪಡಿಸಲಾಗದು. ಎರಡೂ ಒಂದೇ ಬಣ್ಣದಲ್ಲಿರುತ್ತವೆ. ಸೇರಿಸುವಾಗ ನಿಮ್ಮ ಫೈಲನ್ನು ಅದರ ಮೇಲೆ ಹೇರಿದರೆ ಅವರ ಕೆಲಸ ಸದ್ದಿಲ್ಲದೆ ಮಾಯವಾಗುತ್ತದೆ, ಹಳೆಯ ದೋಷ ಮತ್ತೆ ರೈತರ ಪಟ್ಟಿಗೆ ಬರುತ್ತದೆ.

ಗಿಟ್ ಇರುವ ಕಡೆ ಮೂಲ ಪ್ರತಿ ಪಡೆಯಲು ಒಳ್ಳೆಯ ಉಪಾಯ ಗಿಟ್ ವರ್ಕ್‌ಟ್ರೀ. ‘ಗಿಟ್ ವರ್ಕ್‌ಟ್ರೀ ಆಡ್’ ಕಮಾಂಡಿಗೆ ‘ಡಿಟ್ಯಾಚ್’ ಆಯ್ಕೆ, ಹೊಸ ಫೋಲ್ಡರಿನ ದಾರಿ ಮತ್ತು ‘ಹೆಡ್’ ಕೊಟ್ಟರೆ ಪಕ್ಕದಲ್ಲಿ ಇನ್ನೊಂದು ಫೋಲ್ಡರ್ ತೆರೆದು, ಕೊನೆಯ ಕಮಿಟ್ ಹೇಗಿತ್ತೋ ಹಾಗೆಯೇ ಅದರಲ್ಲಿ ಇಡುತ್ತದೆ. ನಿಮ್ಮ ಕೆಲಸದ ಫೋಲ್ಡರನ್ನು ಮುಟ್ಟುವುದಿಲ್ಲ. ಆ ಫೋಲ್ಡರಿಗೆ ‘ಮೂಲ’ ಎನ್ನೋಣ. ‘ಗಿಟ್ ರೆವ್-ಪಾರ್ಸ್ ಹೆಡ್’ ಕೊಟ್ಟು ಬರುವ ಕಮಿಟ್ ಗುರುತನ್ನು ಒಂದು ಟಿಪ್ಪಣಿ ಫೈಲಿನಲ್ಲಿ ಬರೆದಿಡಿ. ಕೊನೆಯ ಹೆಜ್ಜೆಗೆ ಅದು ಬೇಕು. ವೆಬ್‌ಸೈಟಿನಿಂದ ಜಿಪ್ ಇಳಿಸಿಕೊಂಡು ಹೋಲಿಸಿದರೆ ವಿಂಡೋಸ್‌ನಲ್ಲಿ ಒಂದು ತೊಡಕಿದೆ: ಜಿಪ್‌ನಲ್ಲಿ ಸಾಲಿನ ಅಂತ್ಯದ ಗುರುತು ಯುನಿಕ್ಸ್ ಮಾದರಿಯದು, ನಿಮ್ಮ ಫೋಲ್ಡರಿನಲ್ಲಿ ವಿಂಡೋಸ್ ಮಾದರಿಯದು ಇರಬಹುದು. ಆಗ ಎಲ್ಲ ಫೈಲ್‌ಗಳೂ ಬದಲಾದಂತೆ ಕಾಣುತ್ತವೆ. ವರ್ಕ್‌ಟ್ರೀ ನಿಮ್ಮದೇ ಗಿಟ್ ಸೆಟ್ಟಿಂಗ್ ಬಳಸುವುದರಿಂದ ಆ ಗೊಂದಲ ಕಡಿಮೆ.

ಗ್ರಾಹಕರ ಕಂಪ್ಯೂಟರಿನಲ್ಲಿ ಗಿಟ್ ಇಲ್ಲದಿದ್ದರೆ ಮೂಲ ಎಂದರೆ ಅಲ್ಲಿ ಹಿಂದೆ ಸ್ಥಾಪಿಸಿದ ಪ್ರತಿ. ಸ್ಥಾಪಿಸಿದ ದಿನವೇ ಗಿಟ್‌ನಲ್ಲಿ ಆ ಕಮಿಟ್‌ಗೆ ಒಂದು ಟ್ಯಾಗ್ (ಗುರುತಿನ ಹೆಸರು) ಹಾಕಿಡುವ ರೂಢಿ ನಿಮ್ಮಲ್ಲಿದ್ದರೆ ಈಗ ಚಿಂತೆಯಿಲ್ಲ. ಟ್ಯಾಗ್ ಇಲ್ಲ, ಯಾವ ಕಮಿಟ್ ಎಂಬುದೂ ನೆನಪಿಲ್ಲ ಎಂದಾದರೂ ದಾರಿಯಿದೆ. ಸ್ಥಾಪಿಸಿದ ದಿನಾಂಕದ ಆಸುಪಾಸಿನ ಕೆಲವು ಕಮಿಟ್‌ಗಳನ್ನು ಒಂದೊಂದಾಗಿ ಮೂಲ ಫೋಲ್ಡರಿಗೆ ತಂದು ಹೋಲಿಸಿ. ಎಲ್ಲಕ್ಕಿಂತ ಕಡಿಮೆ ವ್ಯತ್ಯಾಸ ತೋರಿಸುವ ಕಮಿಟ್ ಬಹುಮಟ್ಟಿಗೆ ನಿಮ್ಮ ಮೂಲ. ಸ್ವಲ್ಪ ಸಮಯ ಹಿಡಿಯುತ್ತದೆ, ಆದರೆ ಊಹೆಯ ಮೇಲೆ ಮುಂದುವರಿಯುವುದಕ್ಕಿಂತ ಎಷ್ಟೋ ಮೇಲು.

ಹೆಜ್ಜೆ 3: ಹೋಲಿಸಿ

ಎಡಗಡೆ ಮೂಲ, ಬಲಗಡೆ ನಿಮ್ಮ ಕೆಲಸದ ಫೋಲ್ಡರ್. ಪ್ರತಿ ಸಲವೂ ಹೀಗೆಯೇ. ಒಂದು ದಿನ ಹೀಗೆ, ಒಂದು ದಿನ ಹಾಗೆ ಇಟ್ಟರೆ ದಣಿದ ಹೊತ್ತಿನಲ್ಲಿ ನಕಲಿನ ಬಾಣ ತಿರುಗುಮುರುಗಾಗಿ ಹಳೆಯದು ಹೊಸದರ ಮೇಲೆ ಕೂರುತ್ತದೆ. ಮೂಲ ಫೋಲ್ಡರನ್ನು ಓದಲು ಮಾತ್ರ ಎಂದು ಗುರುತಿಸಲು ತಂತ್ರಾಂಶದಲ್ಲಿ ಅವಕಾಶವಿದ್ದರೆ ಬಳಸಿಕೊಳ್ಳಿ. ಒಳಗಿನ ಉಪಫೋಲ್ಡರ್‌ಗಳನ್ನೂ ಹೋಲಿಸುವ ಆಯ್ಕೆಗೆ ಟಿಕ್ ಹಾಕಿ.

ಹೋಲಿಕೆಯ ವಿಧಾನವನ್ನು ದಿನಾಂಕದಿಂದ ಒಳವಿಷಯಕ್ಕೆ ಬದಲಿಸಿ. ಮೂಲ ಫೋಲ್ಡರನ್ನು ಈಗಷ್ಟೇ ಸೃಷ್ಟಿಸಿದ್ದೀರಿ, ಹಾಗಾಗಿ ಅದರ ಎಲ್ಲ ಫೈಲ್‌ಗಳ ದಿನಾಂಕ ಇವತ್ತಿನದೇ. ದಿನಾಂಕ ನೋಡಿ ಹೋಲಿಸಿದರೆ ಎಲ್ಲವೂ ಬೇರೆ ಎನಿಸುತ್ತದೆ. ಬಿಯಾಂಡ್ ಕಂಪೇರ್ ಮೊದಲಿಗೆ ದಿನಾಂಕ ಮತ್ತು ಗಾತ್ರವನ್ನೇ ನೋಡುವುದರಿಂದ ಅದನ್ನು ಬಳಸುವವರು ಇದನ್ನು ಮರೆಯಬಾರದು.

ಈಗ ಸೋಸುವ ಕೆಲಸ. ಗಿಟ್ ಫೋಲ್ಡರ್, ಹೊರಗಿನ ಲೈಬ್ರರಿಗಳಿರುವ ನೋಡ್ ಮಾಡ್ಯೂಲ್ಸ್ ಮತ್ತು ವೆಂಡರ್ ಫೋಲ್ಡರ್‌ಗಳು, ಬಿಲ್ಡ್ ಆಗಿ ಬರುವ ಫೋಲ್ಡರ್‌ಗಳು, ಪೈಥಾನ್‌ನ ಕ್ಯಾಶೆ, ಲಾಗ್‌ಗಳು: ಇವನ್ನು ಫಿಲ್ಟರ್‌ನಲ್ಲಿ ಹೊರಗಿಡಿ. ಇವೆಲ್ಲ ಮತ್ತೆ ಸೃಷ್ಟಿಸಿಕೊಳ್ಳಬಹುದಾದವು. ಆದರೆ ಗಿಟ್‌ಇಗ್ನೋರ್ ಪಟ್ಟಿಯನ್ನು ಹಾಗೆಯೇ ಫಿಲ್ಟರ್ ಆಗಿ ಬಳಸಬೇಡಿ. ಡೇಟಾಬೇಸ್ ವಿವರ ಇರುವ ಎನ್ವ್ ಫೈಲ್, ಆ ಅಂಗಡಿಗಷ್ಟೇ ಸೀಮಿತವಾದ ಪ್ರಿಂಟರ್ ಸೆಟ್ಟಿಂಗ್, ಗ್ರಾಹಕರು ಕೊಟ್ಟ ಲೋಗೋ ಸಾಮಾನ್ಯವಾಗಿ ಆ ಪಟ್ಟಿಯಲ್ಲೇ ಅಡಗಿರುತ್ತವೆ. ಗಿಟ್ ಕಾಣದ ಇಂಥವನ್ನು ಕಾಣಿಸುವುದೇ ಫೋಲ್ಡರ್ ಹೋಲಿಕೆಯ ದೊಡ್ಡ ಉಪಕಾರ.

ಕೊನೆಗೆ ಒಂದೇ ರೀತಿ ಇರುವ ಫೈಲ್‌ಗಳನ್ನು ಮರೆಮಾಡಿ. ಸಾವಿರಾರು ಸಾಲುಗಳಿದ್ದ ಪರದೆ ಬೆರಳೆಣಿಕೆಗೆ ಇಳಿಯುತ್ತದೆ.

ಹೆಜ್ಜೆ 4: ಒಂದೊಂದನ್ನೂ ತೆರೆದು ಓದಿ

ಇಲ್ಲಿ ಆತುರ ಬೇಡ. ಎರಡೂ ಕಡೆ ಇದ್ದು ಬೇರೆಯಾಗಿರುವವು ನೀವು ತಿದ್ದಿದವು. ಬಲಗಡೆ ಮಾತ್ರ ಇರುವವು ನೀವು ಹೊಸದಾಗಿ ಸೃಷ್ಟಿಸಿದವು. ಎಡಗಡೆ ಮಾತ್ರ ಇರುವವು ನೀವು ಅಳಿಸಿದವು ಅಥವಾ ಬೇರೆ ಹೆಸರಿಟ್ಟವು. ಬಲಗಡೆಯ ಹೊಸ ಫೈಲ್‌ಗಳಲ್ಲಿ ಅದರ ಜೋಡಿ ಇದೆಯೇ ನೋಡಿ. ಪ್ರತಿ ಫೈಲನ್ನೂ ತೆರೆದು, ಪ್ರತಿ ಬದಲಾವಣೆಯ ಮುಂದೆ ‘ಇದನ್ನು ನಾನು ಬೇಕೆಂದೇ ಮಾಡಿದೆನೇ?’ ಎಂದು ಕೇಳಿಕೊಳ್ಳಿ. ಪರೀಕ್ಷೆಗೆಂದು ಹಾಕಿದ ಹಮಾಲಿ ದರ, ಮುದ್ರಿಸಿ ನೋಡಲು ಬರೆದ ಸಾಲು, ತಾತ್ಕಾಲಿಕವಾಗಿ ತೆಗೆದ ಲಾಗಿನ್ ತಪಾಸಣೆ ಇಲ್ಲಿಯೇ ಸಿಕ್ಕಿಬೀಳಬೇಕು. ಒಂದೊಂದರ ಮುಂದೆ ಒಂದು ಸಾಲಿನ ಕಾರಣವನ್ನು ಟಿಪ್ಪಣಿಯಲ್ಲಿ ಬರೆಯಿರಿ.

ಕನ್ನಡ ಇರುವ ಕೋಡಿನಲ್ಲಿ ಬರೀ ಇಂಗ್ಲಿಷ್ ಇರುವ ಕೋಡಿಗೆ ಸಾಮಾನ್ಯವಾಗಿ ಬಾರದ ಕೆಲವು ತೊಡಕುಗಳು ಬರುತ್ತವೆ. ಪಟ್ಟಿಯ ತಲೆಬರಹ, ‘ಡಬ್ಬಿ’, ‘ಕಡ್ಡಿ’ ಎಂಬ ತಳಿಗಳ ಹೆಸರು, ‘ತೂಕ’, ‘ಒಟ್ಟು’ ಮುಂತಾದವು ಫೈಲಿನಲ್ಲೇ ಇರುತ್ತವೆ. ಎರಡು ಸಾಲುಗಳು ಅಕ್ಷರಶಃ ಒಂದೇ ರೀತಿ ಕಂಡರೂ ತಂತ್ರಾಂಶ ಅವನ್ನು ಬೇರೆ ಎನ್ನಬಹುದು. ‘ಬಿಲ್’ ಎಂಬ ಪದದ ಕೊನೆಯಲ್ಲಿ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರವೊಂದು ಸೇರಿರಬಹುದು. ‘ಕೋ’ದಂಥ ದೀರ್ಘ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಒತ್ವದ ಚಿಹ್ನೆಗೆ ದೀರ್ಘದ ಚಿಹ್ನೆ ಸೇರಿಸಿಯೂ ಬರೆಯಬಹುದು, ಪರದೆಯ ಮೇಲೆ ಎರಡೂ ಒಂದೇ. ಇದನ್ನು ಸುಮ್ಮನೆ ಬಿಡಬೇಡಿ. ಹೆಸರು ಹುಡುಕುವ ಕೋಡ್ ಇದ್ದರೆ ಇದೇ ಕಾರಣಕ್ಕೆ ಹುಡುಕಾಟ ವಿಫಲವಾಗುತ್ತದೆ.

ಇನ್ನೊಂದು ಎಚ್ಚರ ಎನ್‌ಕೋಡಿಂಗ್ ಬಗ್ಗೆ, ಅಂದರೆ ಅಕ್ಷರಗಳನ್ನು ಫೈಲಿನಲ್ಲಿ ಸಂಕೇತಗಳಾಗಿ ಬರೆಯುವ ಪದ್ಧತಿಯ ಬಗ್ಗೆ. ಯುಟಿಎಫ್-8ರಲ್ಲಿರುವ ಫೈಲನ್ನು ತಂತ್ರಾಂಶ ಬೇರೆ ಎನ್‌ಕೋಡಿಂಗ್ ಎಂದು ತಿಳಿದು ತೆರೆದಾಗ ಕನ್ನಡದ ಬದಲು ವಿಚಿತ್ರ ಗುರುತುಗಳು ಕಾಣುತ್ತವೆ. ಆ ಸ್ಥಿತಿಯಲ್ಲಿ ಒಂದು ಸಾಲು ತಿದ್ದಿ ಸೇವ್ ಮಾಡಿದರೆ ಫೈಲಿನ ಕನ್ನಡವೆಲ್ಲ ಕೆಡಬಹುದು. ವಿನ್‌ಮರ್ಜ್ ಕೆಳಪಟ್ಟಿಯಲ್ಲಿ ಎರಡೂ ಕಡೆಯ ಎನ್‌ಕೋಡಿಂಗ್ ತೋರಿಸುತ್ತದೆ. ಏನಾದರೂ ತಿದ್ದುವ ಮುಂಚೆ ಅಲ್ಲಿ ಕಣ್ಣು ಹಾಯಿಸಿ. ಹಳೆಯ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳ ಫೈಲ್‌ಗಳು ಈಗಲೂ ಇವೆ. ಅವುಗಳನ್ನು ಸಾಲು ಸಾಲಾಗಿ ಬೆರೆಸದೆ ಇಡೀ ಫೈಲಾಗಿಯೇ ನಕಲು ಮಾಡಿ.

ಹೆಜ್ಜೆ 5: ತೆಗೆದಿಡಿ

‘ಉಳಿತಾಯ’ ಎಂಬ ಮೂರನೆಯ, ಖಾಲಿ ಫೋಲ್ಡರ್ ಮಾಡಿ. ಹೋಲಿಕೆಯ ಪಟ್ಟಿಯಿಂದ ಬೇಕಾದವುಗಳನ್ನು ಆರಿಸಿ, ಬಲಗಡೆಯದನ್ನು ಬೇರೆ ಕಡೆಗೆ ನಕಲು ಮಾಡುವ ಆಯ್ಕೆಯಿಂದ ಅಲ್ಲಿಗೆ ಕಳುಹಿಸಿ. ಫೋಲ್ಡರ್ ರಚನೆ ಉಳಿಯಬೇಕು. ಬಿಯಾಂಡ್ ಕಂಪೇರ್ ಅದನ್ನು ಕೇಳಿಯೇ ಮುಂದುವರಿಯುತ್ತದೆ. ಬೇರೆ ತಂತ್ರಾಂಶವಾದರೆ ನಕಲಾದ ಮೇಲೆ ತೆರೆದು ನೋಡಿ. ಎರಡು ಬೇರೆ ಫೋಲ್ಡರ್‌ಗಳಲ್ಲಿದ್ದ ‘ಇಂಡೆಕ್ಸ್’ ಹೆಸರಿನ ಫೈಲ್‌ಗಳು ಒಂದರ ಮೇಲೊಂದು ಬಿದ್ದಿದ್ದರೆ ಮತ್ತೆ ಮಾಡಿ. ಸಿಂಕ್ ಅಥವಾ ಮಿರರ್ ಎಂಬ ಬಟನ್‌ಗಳನ್ನು ಈ ಕೆಲಸಕ್ಕೆ ಒತ್ತಬೇಡಿ. ವಿಂಡೋಸ್‌ನ ನಕಲು ಕಮಾಂಡ್ ರೋಬೋಕಾಪಿಯ ಮಿರರ್ ಆಯ್ಕೆಯೂ ಬೇಡ. ಅವು ಎದುರು ಕಡೆ ಹೆಚ್ಚಿಗೆ ಇರುವುದನ್ನು ಅಳಿಸಬಹುದು.

ಲಿನಕ್ಸ್‌ನಲ್ಲಿ ಆರ್‌ಸಿಂಕ್ ಎಂಬ ನಕಲು ಕಮಾಂಡ್ ಇದನ್ನು ಒಂದೇ ಸಾಲಿನಲ್ಲಿ ಮಾಡುತ್ತದೆ. ಅದಕ್ಕೆ ಆರ್, ಸಿ, ಎಮ್ ಆಯ್ಕೆಗಳನ್ನೂ ‘ಕಂಪೇರ್-ಡೆಸ್ಟ್’ ಆಯ್ಕೆಯಲ್ಲಿ ಮೂಲ ಫೋಲ್ಡರಿನ ಪೂರ್ಣ ದಾರಿಯನ್ನೂ ಕೊಡಿ. ಹೊರಗಿಡಬೇಕಾದವುಗಳಿಗೆ ‘ಎಕ್ಸ್‌ಕ್ಲೂಡ್’ ಇದೆ. ಮೂಲದಲ್ಲಿ ಇದ್ದಂತೆಯೇ ಇರುವ ಫೈಲ್‌ಗಳನ್ನು ಬಿಟ್ಟು, ಬದಲಾದವು ಮತ್ತು ಹೊಸವು ಮಾತ್ರ ಉಳಿತಾಯಕ್ಕೆ ಬರುತ್ತವೆ. ‘ಸಿ’ ಆಯ್ಕೆ ದಿನಾಂಕ ಬಿಟ್ಟು ಒಳವಿಷಯ ನೋಡುವಂತೆ ಮಾಡುತ್ತದೆ. ರೂಢಿಯಿಂದ ‘ಎ’ ಆಯ್ಕೆ ಹಾಕಿದರೆ ದಿನಾಂಕವೂ ಲೆಕ್ಕಕ್ಕೆ ಬಂದು ಬೇಡದ ಫೈಲ್‌ಗಳು ಸೇರಿಕೊಳ್ಳುತ್ತವೆ.

ಅಳಿಸಿದ ಫೈಲ್‌ಗಳು ಉಳಿತಾಯದ ಫೋಲ್ಡರಿನಲ್ಲಿ ಕಾಣಲು ಸಾಧ್ಯವಿಲ್ಲ. ಅವುಗಳ ಪಟ್ಟಿಯನ್ನು ಟಿಪ್ಪಣಿ ಫೈಲಿನಲ್ಲಿ ಬರೆದು ಅದೇ ಫೋಲ್ಡರಿನಲ್ಲಿ ಇಡಿ.

ಗಿಟ್ ಇದ್ದರೆ ಜೊತೆಗೊಂದು ಪ್ಯಾಚ್ ಫೈಲ್ (ವ್ಯತ್ಯಾಸಗಳನ್ನಷ್ಟೇ ಬರೆದಿಟ್ಟ ಫೈಲ್) ಕೂಡ ಮಾಡಿ: ‘ಗಿಟ್ ಡಿಫ್ ಹೆಡ್’ ಕಮಾಂಡಿಗೆ ‘ಬೈನರಿ’ ಆಯ್ಕೆ ಸೇರಿಸಿದರೆ ಚಿತ್ರಗಳೂ ಬರುತ್ತವೆ. ಹೊಸ ಫೈಲ್‌ಗಳು ಬರಬೇಕಾದರೆ ಮೊದಲು ‘ಗಿಟ್ ಆಡ್’ ಕಮಾಂಡನ್ನು ದೊಡ್ಡ ‘ಎನ್’ ಆಯ್ಕೆಯೊಂದಿಗೆ ಕೊಡಬೇಕು. ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್‌ನಲ್ಲಿ ಬಾಣದ ಗುರುತಿನಿಂದ ಫೈಲಿಗೆ ಬರೆಸಬೇಡಿ. ಅದು ಯುಟಿಎಫ್-16ರಲ್ಲಿ ಬರೆಯುತ್ತದೆ, ಅಂಥ ಪ್ಯಾಚನ್ನು ಗಿಟ್ ಒಪ್ಪುವುದಿಲ್ಲ. ಗಿಟ್ ಡಿಫ್‌ನದೇ ‘ಔಟ್‌ಪುಟ್’ ಆಯ್ಕೆಯಲ್ಲಿ ಫೈಲಿನ ಹೆಸರು ಕೊಡಿ.

ಹೆಜ್ಜೆ 6: ಪರೀಕ್ಷಿಸಿ

ಮೂಲ ಫೋಲ್ಡರಿನ ಇನ್ನೊಂದು ನಕಲು ಮಾಡಿ. ಅದರ ಮೇಲೆ ಉಳಿತಾಯವನ್ನು ಹಾಕಿ, ಪಟ್ಟಿಯಲ್ಲಿರುವ ಫೈಲ್‌ಗಳನ್ನು ಅಳಿಸಿ. ಈಗ ಇದನ್ನು ನಿಮ್ಮ ಕೆಲಸದ ಫೋಲ್ಡರಿನ ಜೊತೆ ಅದೇ ಫಿಲ್ಟರ್ ಇಟ್ಟು ಹೋಲಿಸಿ. ಬೇಕೆಂದೇ ಬಿಟ್ಟ ಫೈಲ್‌ಗಳ ಹೊರತು ಏನೂ ಕಾಣಬಾರದು. ಇದು ಆಗುವವರೆಗೆ ಲ್ಯಾಪ್‌ಟಾಪನ್ನು ರಿಪೇರಿಗೆ ಕೊಡಬೇಡಿ, ಫಾರ್ಮ್ಯಾಟ್ ಮಾಡಬೇಡಿ, ಕೆಟ್ಟ ಗಿಟ್ ಫೋಲ್ಡರನ್ನು ಅಳಿಸಬೇಡಿ.

ಆಮೇಲೆ ಉಳಿತಾಯವನ್ನು ಜಿಪ್ ಮಾಡಿ, ಹೆಸರಿನಲ್ಲಿ ದಿನಾಂಕ ಮತ್ತು ಕಮಿಟ್ ಗುರುತಿನ ಮೊದಲ ಕೆಲವು ಅಕ್ಷರ ಸೇರಿಸಿ, ಪೆನ್‌ಡ್ರೈವ್‌ನಲ್ಲಿ ಒಂದು, ಇನ್ನೊಂದು ಕಡೆ ಒಂದು ಇಡಿ. ಲಿನಕ್ಸ್ ಬಳಸುವವರು ಜಿಪ್ ಬದಲು ಟಾರ್ ಮಾಡಬಹುದು. ಬಿಡಿ ಫೈಲ್‌ಗಳನ್ನು ಹಾಗೆಯೇ ಪೆನ್‌ಡ್ರೈವ್‌ಗೆ ಹಾಕಿದರೆ ಸ್ಕ್ರಿಪ್ಟ್‌ಗಳ ಎಕ್ಸಿಕ್ಯೂಟ್ ಅನುಮತಿ ಸಾಮಾನ್ಯವಾಗಿ ಉಳಿಯುವುದಿಲ್ಲ. ಪಾಸ್‌ವರ್ಡ್ ಇರುವ ಎನ್ವ್ ಫೈಲನ್ನು ಬೇರೆಯಾಗಿಡಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಜಿಪ್‌ನಲ್ಲಿ ಅದು ಇರಬಾರದು.

ಹೆಜ್ಜೆ 7: ಮುಖ್ಯ ಕೋಡಿಗೆ ಸೇರಿಸಿ

ಉಳಿತಾಯದ ಫೈಲ್‌ಗಳನ್ನು ಇಂದಿನ ಕೋಡಿನ ಮೇಲೆ ನೇರವಾಗಿ ಹೇರಬೇಡಿ. ಬರೆದಿಟ್ಟ ಕಮಿಟ್ ಗುರುತಿನಿಂದ ಒಂದು ಹೊಸ ಬ್ರಾಂಚ್ ತೆರೆಯಿರಿ. ಟಿಪ್ಪಣಿಯಲ್ಲಿ ಅದನ್ನು ಬರೆದಿಟ್ಟದ್ದು ಇದಕ್ಕಾಗಿಯೇ. ಆ ಬ್ರಾಂಚಿನಲ್ಲಿ ಉಳಿತಾಯದ ಫೈಲ್‌ಗಳನ್ನು ಹಾಕಿ, ಅಳಿಸಬೇಕಾದವನ್ನು ಅಳಿಸಿ, ಗಿಟ್ ಸ್ಟೇಟಸ್ ನೋಡಿ. ನಿಮ್ಮ ಟಿಪ್ಪಣಿಯಲ್ಲಿರುವ ಪಟ್ಟಿಗೆ ಅದು ಹೊಂದಬೇಕು. ಹೊಂದಿದರೆ ಕಮಿಟ್ ಮಾಡಿ. ಟಿಪ್ಪಣಿಯ ಕಾರಣಗಳೇ ಕಮಿಟ್ ಸಂದೇಶವಾಗಲಿ. ಈಗ ಮುಖ್ಯ ಬ್ರಾಂಚನ್ನು ಇದಕ್ಕೆ ಮರ್ಜ್ ಮಾಡಿ, ಅಂದರೆ ಬೆರೆಸಿ. ಮೂಲ ಯಾವುದು, ನಿಮ್ಮದು ಯಾವುದು, ಅವರದು ಯಾವುದು ಎಂದು ಗಿಟ್‌ಗೆ ಈಗ ಗೊತ್ತಿದೆ. ನೀವು ಹಮಾಲಿಯ ಸಾಲು ತಿದ್ದಿ, ಸಹೋದ್ಯೋಗಿ ಅದೇ ಫೈಲಿನ ಬೇರೊಂದು ಕಡೆ ದಲಾಲಿಯ ಸಾಲು ತಿದ್ದಿದ್ದರೆ ಎರಡೂ ಉಳಿಯುತ್ತವೆ. ಇಬ್ಬರೂ ಒಂದೇ ಸಾಲನ್ನು ಅಥವಾ ಅಕ್ಕಪಕ್ಕದ ಸಾಲುಗಳನ್ನು ಬೇರೆ ಬೇರೆ ರೀತಿ ತಿದ್ದಿದ್ದರೆ ಗಿಟ್ ನಿಂತು ನಿಮ್ಮನ್ನು ಕೇಳುತ್ತದೆ.

ಗಿಟ್ ಇಲ್ಲದ ಕಡೆ ಇದೇ ಕೆಲಸವನ್ನು ವಿನ್‌ಮರ್ಜ್ ಅಥವಾ ಮೆಲ್ಡ್‌ನ ಮೂರು ಫೈಲ್‌ಗಳ ಹೋಲಿಕೆಯಲ್ಲಿ ಕೈಯಾರೆ ಮಾಡಬಹುದು: ನಡುವೆ ಮೂಲ, ಒಂದು ಪಕ್ಕ ನಿಮ್ಮದು, ಇನ್ನೊಂದು ಪಕ್ಕ ಅವರದು. ನಿಧಾನದ ಕೆಲಸ, ಆದರೆ ಏಳೆಂಟು ಫೈಲ್‌ಗಳಿಗೆ ಇದು ಹೊರೆಯಲ್ಲ. ಒಂದೇ ಸಾಲಿಗೆ ಇಬ್ಬರ ತಿದ್ದುಪಡಿ ಇದ್ದರೆ ಆ ಸಹೋದ್ಯೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತೀರ್ಮಾನಿಸಿ. ಹಣದ ಲೆಕ್ಕದ ಕೋಡಿನಲ್ಲಿ ಇದು ಕಡ್ಡಾಯ ಎಂದೇ ಹೇಳುತ್ತೇನೆ.

ಎಲ್ಲ ಸೇರಿ, ಪುಶ್ ಆಗಿ, ಒಂದು ಹಳೆಯ ಲೆಕ್ಕಪಟ್ಟಿಯನ್ನು ಹೊಸ ಕೋಡಿನಲ್ಲಿ ಮುದ್ರಿಸಿ ಮೊತ್ತ ತಾಳೆಯಾದ ಮೇಲೆ ‘ಗಿಟ್ ವರ್ಕ್‌ಟ್ರೀ ರಿಮೂವ್’ ಕೊಟ್ಟು ಮೂಲ ಫೋಲ್ಡರನ್ನು ತೆಗೆಯಿರಿ. ಅದನ್ನು ಮೊದಲೇ ಕೈಯಾರೆ ಅಳಿಸಿದ್ದರೆ ‘ಗಿಟ್ ವರ್ಕ್‌ಟ್ರೀ ಪ್ರೂನ್’ ಕೊಟ್ಟು ಉಳಿದ ದಾಖಲೆ ಸ್ವಚ್ಛ ಮಾಡಿ. ಅಂಗಡಿಯ ಕಂಪ್ಯೂಟರಿಗೆ ಮುಂದಿನ ಸಲ ಹೊಸ ಪ್ರತಿ ಹಾಕುವ ದಿನ ಟ್ಯಾಗ್ ಹಾಕುವುದನ್ನೂ ಅದೇ ಟಿಪ್ಪಣಿಯಲ್ಲಿ ಬರೆದುಕೊಳ್ಳಿ.